ಸಂಗಾತಿಯ ಲಿಂಗ ಪರಿವರ್ತನೆ: ಇಬ್ಬರೂ ಜೊತೆಯಾಗಿ ದಾಟಲು ಒಂದು ಸಮಗ್ರ ಮಾರ್ಗದರ್ಶಿ

"ನಾನೊಬ್ಬಳೇ ಹೋಗಿ ಬರ್ತೀನಿ, ನೀನು ಮಲಗು."

ಚಪ್ಪಲಿ ಹಾಕಿಕೊಳ್ಳುತ್ತಾ ಅವಳು ಹೇಳಿದ್ದು ಇಷ್ಟೇ. ಔಷಧಿ ಅಂಗಡಿಗೆ ಹೊರಟಿದ್ದಳು. ನಾಲ್ಕು ವರ್ಷದಿಂದ 'ನಾನೊಬ್ಬನೇ' ಎಂದು ಕೇಳಿ ರೂಢಿಯಾಗಿದ್ದ ಕಿವಿಗೆ ಆ ಒಂದು 'ಳ' ಬಂದು ತಟ್ಟಿತು. ತಾನು ಹೆಣ್ಣು ಎಂದು ಅವಳು ನನ್ನ ಹತ್ತಿರ ಹೇಳಿಕೊಂಡು ಆಗಲೇ ಏಳು ವಾರ ಆಗಿತ್ತು. ನಾನು ಎಲ್ಲವನ್ನೂ ಅರಗಿಸಿಕೊಂಡಿದ್ದೇನೆ ಅಂದುಕೊಂಡಿದ್ದೆ. ಬಾಗಿಲು ಹಾಕಿದ ಮೇಲೆ ಅಲ್ಲೇ ಕೂತು ಅರ್ಧ ಗಂಟೆ ಅತ್ತಿದ್ದೇನೆ.

ಅವಳಿಗೆ ಆ 'ಳ' ಹನ್ನೆರಡು ವರ್ಷ ಹಳೆಯದು. ಮನಸ್ಸಿನೊಳಗೆ ಎಷ್ಟು ಸಾವಿರ ಸಲ ಹೇಳಿಕೊಂಡಿದ್ದಳೋ. ನನಗೆ ಅದು ಏಳೇ ವಾರದ್ದು. ನಾನು ಕಂಡ ಮಟ್ಟಿಗೆ ಜೋಡಿಗಳು ಎಡವುವುದು ಇಲ್ಲೇ. ಇಬ್ಬರ ಕ್ಯಾಲೆಂಡರ್ ಒಂದೇ ಗೋಡೆಯಲ್ಲಿ ತೂಗುತ್ತಿರುತ್ತದೆ, ಪುಟ ಮಾತ್ರ ಬೇರೆ ಬೇರೆ. ಪ್ರೀತಿ ಧಾರಾಳವಾಗಿ ಇದ್ದವರೂ ಎಡವುತ್ತಾರೆ. ಕೆಳಗಿನ ಹಂತಗಳೆಲ್ಲ ಆ ಎರಡು ಪುಟಗಳನ್ನು ಹತ್ತಿರ ತರುವ ಕೆಲಸಕ್ಕೆ. ನಾನು ಸಂಗಾತಿಯ ಜಾಗದಿಂದ ಬರೆಯುತ್ತಿದ್ದೇನೆ. ಪರಿವರ್ತನೆಯಾಗುತ್ತಿರುವವರಿಗೂ ಅಲ್ಲಲ್ಲಿ ಮಾತಿದೆ.

ಹಂತ 1: ಹೇಳುವ ದಿನ, ಕೇಳುವ ದಿನ

ಮೊದಲು ಹೇಳುವವರಿಗೆ. ಜಗಳದ ಮಧ್ಯೆ ಹೇಳಬೇಡಿ. ಮರುದಿನ ಬೆಳಿಗ್ಗೆ ಪರೀಕ್ಷೆಯೋ ಪ್ರಯಾಣವೋ ಇದ್ದರೂ ಬೇಡ. ಮಾತು ಗಂಟಲಲ್ಲೇ ಉಳಿಯುತ್ತದೆ ಅನ್ನಿಸಿದರೆ ಕಾಗದದಲ್ಲಿ ಬರೆದು ಎದುರಿಗೇ ಕೂತು ಓದಿಸಿ. ಮೂರು ಸಂಗತಿ ಬರೆದರೆ ಸಾಕು: ನನಗೆ ಏನು ಅನ್ನಿಸುತ್ತಿದೆ, ಈಗ ಸದ್ಯಕ್ಕೆ ಏನು ಬೇಕು, ಯಾವುದು ನನಗೇ ಇನ್ನೂ ಗೊತ್ತಿಲ್ಲ. ಆ ಮೂರನೆಯದನ್ನು ಬಿಡಬೇಡಿ. ಕೇಳುವವರಿಗೆ ಉಸಿರಾಡಲು ಜಾಗ ಸಿಗುವುದು ಅಲ್ಲೇ.

ಹೇಳಿದರೆ ಹೊಡೆಯಬಹುದು, ಮನೆಯಿಂದ ಹೊರಗೆ ಹಾಕಬಹುದು ಎಂಬ ಭಯ ನಿಜವಾಗಿ ಇದ್ದರೆ ಈ ಮಾರ್ಗದರ್ಶಿ ಪಕ್ಕಕ್ಕಿಡಿ. ಮೊದಲು ಗುರುತಿನ ಕಾಗದ ಪತ್ರ, ಸ್ವಲ್ಪ ದುಡ್ಡು, ಒಂದು ರಾತ್ರಿ ತಂಗಲು ನಂಬಿಕಸ್ಥರ ಮನೆ, ಇಷ್ಟು ಮಾಡಿಕೊಳ್ಳಿ. ಹೇಳುವುದು ಆಮೇಲೆ.

ಇನ್ನು ಕೇಳುವವರು. ನಿಮ್ಮ ಬಾಯಿಂದ ಮೊದಲು ಹೊರಡುವ ಮಾತು ಬಹುಶಃ "ನಿನಗೆ ಖಂಡಿತಾ ಗೊತ್ತಾ?" ಎಂಬುದೇ. ನಾನೂ ಅದನ್ನೇ ಕೇಳಿದೆ. ನಮಗದು ಮಾಹಿತಿ ಕೇಳಿದ ಹಾಗೆ, ಅವರ ಕಿವಿಗೆ ಬೀಳುವುದು ಬಾಗಿಲು ಹಾಕಿದ ಸದ್ದು. ಅದರ ಬದಲು "ಎಷ್ಟು ದಿನದಿಂದ ಇದನ್ನ ಒಬ್ಬರೇ ಹೊತ್ತುಕೊಂಡಿದ್ದೀರಿ?" ಎಂದು ಕೇಳಿ ನೋಡಿ. ಸುಮ್ನೆ ಕೂತು ಕೇಳಿಸಿಕೊಂಡರೂ ಸಾಕು. "ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂಬ ಪ್ರಶ್ನೆಯನ್ನು ನುಂಗಿಕೊಳ್ಳಿ. ಲಿಂಗತ್ವ ಎನ್ನುವುದು ಒಬ್ಬರು ತಮ್ಮನ್ನು ತಾವು ಒಳಗಿನಿಂದ ಅರಿಯುವ ಬಗೆ. ನೀವು ಬರುವ ಮೊದಲೂ ಅದು ಇತ್ತು.

ಆ ರಾತ್ರಿ ಸಂಬಂಧದ ತೀರ್ಮಾನ ಬೇಡ. ಬಿಟ್ಟು ಹೋಗುತ್ತೇನೆ ಎನ್ನುವುದೂ ಬೇಡ, ಎಂದೆಂದಿಗೂ ಇರುತ್ತೇನೆ ಎನ್ನುವುದೂ ಬೇಡ. ಎರಡನೆಯದು ಒಳ್ಳೆಯ ಮಾತಲ್ವಾ ಅನ್ನಿಸಬಹುದು. ನಾನು ಅದನ್ನೇ ಹೇಳಿ ಸಿಕ್ಕಿಬಿದ್ದೆ. ಮುಂದೆ ಮೂರು ತಿಂಗಳು ನನಗೆ ಕಸಿವಿಸಿಯಾದಾಗಲೆಲ್ಲ ಬಾಯಿ ಬಿಡಲು ಆಗಲಿಲ್ಲ. ಮಾತು ಕೊಟ್ಟಾಗಿತ್ತಲ್ಲ. "ಈ ವಾರ ನಾನೆಲ್ಲೂ ಹೋಗಲ್ಲ, ಮುಂದಿನ ಭಾನುವಾರ ಮತ್ತೆ ಮಾತಾಡೋಣ" ಎನ್ನುವುದು ಉಳಿಸಿಕೊಳ್ಳಬಹುದಾದ ಮಾತು.

ಹಂತ 2: ಎರಡು ಪ್ರಶ್ನೆಗಳ ಗಂಟು ಬಿಡಿಸಿ

"ನೀನು ಯಾರು?" ಎನ್ನುವುದು ಒಂದು ಪ್ರಶ್ನೆ. "ನಾವು ಏನು?" ಎನ್ನುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಕಟ್ಟಿದರೆ ಎರಡೂ ಕೆಡುತ್ತವೆ.

ಮೊದಲನೆಯದಕ್ಕೆ ಉತ್ತರ ಹೇಳುವವರು ಅವರೊಬ್ಬರೇ. ಅದರಲ್ಲಿ ನಿಮಗೆ ಓಟಿಲ್ಲ. ಎರಡನೆಯದರಲ್ಲಿ ಇಬ್ಬರಿಗೂ ಸಮ ಪಾಲು. ಒಬ್ಬರ ಲಿಂಗತ್ವ ಅವರಿಗೆ ಯಾರ ಮೇಲೆ ಆಕರ್ಷಣೆ ಎಂಬುದನ್ನು ತೀರ್ಮಾನಿಸುವುದಿಲ್ಲ. ಟ್ರಾನ್ಸ್ ಮಹಿಳೆಗೆ, ಅಂದರೆ ಹುಟ್ಟಿದಾಗ ಗಂಡು ಎನ್ನಿಸಿಕೊಂಡು ತಾನು ಹೆಣ್ಣೆಂದು ಅರಿತವಳಿಗೆ, ಹೆಣ್ಣಿನ ಮೇಲೆ ಪ್ರೀತಿ ಇರಬಹುದು, ಗಂಡಿನ ಮೇಲೆ ಇರಬಹುದು, ಇಬ್ಬರ ಮೇಲೂ ಇರಬಹುದು, ಯಾರ ಮೇಲೂ ಇಲ್ಲದಿರಬಹುದು. ಟ್ರಾನ್ಸ್ ಪುರುಷರಿಗೂ ಹಾಗೆಯೇ.

ನಿಮ್ಮ ಕಥೆ? "ಹಾಗಾದ್ರೆ ನಾನೀಗ ಲೆಸ್ಬಿಯನ್ನಾ?" ಎಂದು ನಾನು ಎರಡು ವಾರ ತಲೆ ಕೆಡಿಸಿಕೊಂಡೆ. ಗೆಳತಿಯೊಬ್ಬಳು ಹೌದು ಅಂದಳು, ಇನ್ನೊಬ್ಬಳು ಛೇ ಇಲ್ಲಪ್ಪ ಅಂದಳು. ನನ್ನ ಮೇಲೆ ಯಾವ ಚೀಟಿ ಅಂಟಿಸಬೇಕು ಎಂದು ಅವರಿಬ್ಬರೇ ವಾದ ಮಾಡಿದರು! ಕೊನೆಗೆ ನಾನು ಚೀಟಿಯನ್ನೇ ಬಿಟ್ಟೆ. ಆರು ತಿಂಗಳಿಗೊಮ್ಮೆ ನನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇವಳು ಕೋಣೆಗೆ ಬಂದರೆ ನನಗೆ ಏನಾಗುತ್ತದೆ? ಈ ಪ್ರಶ್ನೆಗೆ ಸುಳ್ಳು ಉತ್ತರ ಕೊಡುವುದು ಕಷ್ಟ.

ಹಂತ 3: ನಾಲಿಗೆ ತಿದ್ದಿಕೊಳ್ಳಿ

ಈ ಹಂತಕ್ಕೆ ನಾನು ಜಾಸ್ತಿ ಜಾಗ ಕೊಡುತ್ತೇನೆ. ನಮ್ಮ ಭಾಷೆಯಲ್ಲಿ ಲಿಂಗ ಬರೀ ಸರ್ವನಾಮದಲ್ಲಿ ಕೂತಿಲ್ಲ, ಕ್ರಿಯಾಪದದ ಬಾಲದಲ್ಲೂ ಕೂತಿದೆ. 'ಅವನು' ಬದಲು 'ಅವಳು' ಎಂದ ಮಾತ್ರಕ್ಕೆ ಮುಗಿಯಲಿಲ್ಲ. 'ಬಂದ' ಹೋಗಿ 'ಬಂದಳು' ಆಗಬೇಕು. 'ಮಾಡ್ತಾನೆ' ಹೋಗಿ 'ಮಾಡ್ತಾಳೆ' ಆಗಬೇಕು. ಒಂದು ಸಣ್ಣ ಕಥೆ ಹೇಳಿದರೆ ಹತ್ತು ಕಡೆ ಕಾಲು ಜಾರುತ್ತದೆ.

ಸಮಾಧಾನದ ವಿಷಯವೂ ಇದೆ. ಎದುರಿಗೆ ಮಾತಾಡುವಾಗ 'ನೀನು ಬಂದೆ' ಎಂಬುದರಲ್ಲಿ ಲಿಂಗವಿಲ್ಲ. 'ನಾನು ಬಂದೆ' ಎಂಬುದರಲ್ಲೂ ಇಲ್ಲ. ಹಾಗಾಗಿ ಇಬ್ಬರೇ ಇರುವಾಗ ಅರ್ಧ ಕೆಲಸ ತಾನಾಗಿ ಆಗುತ್ತದೆ. ಉಳಿದರ್ಧ ಅಡಗಿರುವುದು ಮುದ್ದಿನ ಮಾತುಗಳಲ್ಲಿ. 'ಬಾರೋ', 'ಏನೋ', 'ಹೌದು ಕಣೋ'. ಆ 'ಓ' ನಾಲಿಗೆಗೆ ಎಷ್ಟು ಅಂಟಿರುತ್ತದೆ ಎಂದು ಬಿಡುವವರೆಗೆ ಗೊತ್ತಾಗುವುದಿಲ್ಲ. ಹೊಸ ಹೆಸರು ನನಗೆ ಮೂರೇ ದಿನದಲ್ಲಿ ಕೂತಿತು. 'ಕಣೋ' ಹೋಗಿ 'ಕಣೇ' ಬರಲು ನಾಲ್ಕು ತಿಂಗಳು ಹಿಡಿಯಿತು. ಒಮ್ಮೆ ಫೋನಿನಲ್ಲಿ "ಬೇಗ ಬಾರೋ" ಅಂದುಬಿಟ್ಟೆ. ಅತ್ತ ಕಡೆ ಎರಡು ಸೆಕೆಂಡ್ ಮೌನ. ಆಮೇಲೆ "ಹ್ಞೂಂ" ಎಂದಳು. ಆ ಎರಡು ಸೆಕೆಂಡ್ ನನಗೆ ಕಲಿಸಿದ್ದನ್ನು ಯಾರ ಉಪದೇಶವೂ ಕಲಿಸಲಿಲ್ಲ.

ಮಾಡಬೇಕಾದ್ದು ಹೀಗೆ. ಮೊದಲು ಕೇಳಿ: ಯಾವ ಹೆಸರು, ಅವನಾ, ಅವಳಾ, ಅವರಾ? ಮುದ್ದಿನ ಹಳೆ ಹೆಸರು ಇಟ್ಟುಕೊಳ್ಳಬಹುದಾ, ಬಿಡಬೇಕಾ? ಗಂಡೂ ಅಲ್ಲದ ಹೆಣ್ಣೂ ಅಲ್ಲದ ಗುರುತಿನವರಿಗೆ 'ಅವರು ಬಂದರು', 'ಒಬ್ಬರೇ ಹೋದರು' ಎನ್ನುವುದು ನಮ್ಮಲ್ಲಿ ಮೊದಲೇ ಇರುವ ರೂಪ. ಮರ್ಯಾದೆಯೂ ಸಿಕ್ಕಿತು, ಲಿಂಗವೂ ಹೋಯಿತು. ಇನ್ನೂ ಯಾರಿಗೂ ಹೇಳಿಲ್ಲದ ದಿನಗಳಲ್ಲಿ ಬೇರೆಯವರ ಮುಂದೆ ಮಾತಾಡುವುದಕ್ಕೂ 'ಅವರು' ಕೈಹಿಡಿಯುತ್ತದೆ. ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ, ಗುಟ್ಟು ಬಿಟ್ಟ ಹಾಗೂ ಆಗುವುದಿಲ್ಲ.

ಆಮೇಲೆ ಅಭ್ಯಾಸ. ಅವರು ಎದುರಿಗೆ ಇಲ್ಲದಾಗ ಮಾಡಿ. ಪಾತ್ರೆ ತೊಳೆಯುತ್ತಾ ನಾನು ಅವಳ ದಿನಚರಿಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ: "ಎದ್ದಳು, ಹಲ್ಲುಜ್ಜಿದಳು, ಕೀ ಮರೆತಳು, ವಾಪಸ್ ಬಂದಳು." ಹುಚ್ಚಾಟ ಅನ್ನಿಸಬಹುದು, ಕೆಲಸ ಮಾಡುತ್ತದೆ. ಮೊಬೈಲಿನಲ್ಲಿ ಹೆಸರು ಇವತ್ತೇ ಬದಲಿಸಿ. ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುವುದು ಅದೇ.

ತಪ್ಪಿದರೆ? ತಕ್ಷಣ ಸರಿಪಡಿಸಿ ಮುಂದೆ ಹೋಗಿ. "ಅವನು ಹೇಳಿದ, ಅಲ್ಲ, ಅವಳು ಹೇಳಿದಳು" ಅಷ್ಟೇ. ಹತ್ತು ನಿಮಿಷ ಕ್ಷಮೆ ಕೇಳಿದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರ ತಲೆಗೇ ಬೀಳುತ್ತದೆ.

ಹಳೆಯ ದಿನಗಳ ಕಥೆ ಹೇಳುವಾಗ ಯಾವ ರೂಪ ಎಂದೂ ಕೇಳಿಟ್ಟುಕೊಳ್ಳಿ. ನಮ್ಮಲ್ಲಿ ಹಿಂದಿನದಕ್ಕೂ 'ಅವಳು' ಎಂದೇ ಆಯಿತು. ಈ ಬರಹದ ಮೊದಲ ಸಾಲಿನಿಂದ ನಾನು ಹಾಗೇ ಬರೆದಿದ್ದೇನೆ.

ಹಂತ 4: ಒಂದು ಪಟ್ಟಿ, ಮೂರು ಕಾಲಂ

ಲಿಂಗ ಪರಿವರ್ತನೆ ಎಂದರೆ ಆಪರೇಷನ್ ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಮೂರು ಬಗೆಯ ಕೆಲಸ. ಸಾಮಾಜಿಕ: ಹೆಸರು, ಬಟ್ಟೆ, ಕೂದಲು, ಕರೆಯುವ ರೀತಿ. ವೈದ್ಯಕೀಯ: ಹಾರ್ಮೋನ್, ಕೂದಲು ತೆಗೆಸುವುದು, ಧ್ವನಿ ತರಬೇತಿ, ಶಸ್ತ್ರಚಿಕಿತ್ಸೆ. ದಾಖಲೆ: ಗುರುತಿನ ಪತ್ರ, ಬ್ಯಾಂಕು, ಅಂಕಪಟ್ಟಿ. ಇದರಲ್ಲಿ ಎಲ್ಲರಿಗೂ ಎಲ್ಲವೂ ಬೇಕಿಲ್ಲ. ಹಾರ್ಮೋನೇ ಬೇಡ ಎನ್ನುವವರೂ ಇದ್ದಾರೆ, ಅವರದೇನೂ ಕಮ್ಮಿ ಪರಿವರ್ತನೆಯಲ್ಲ.

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: 'ಈಗ ಬೇಕು', 'ಮುಂದೆ ನೋಡೋಣ', 'ಬೇಡ'. ತುಂಬುವವರು ಪರಿವರ್ತನೆಯಾಗುತ್ತಿರುವವರು. ಸಂಗಾತಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ ತನ್ನ ಪ್ರಶ್ನೆ ಬರೆಯಬಹುದು. ನಮ್ಮ ಹಾಳೆಯಲ್ಲಿ 'ಉದ್ದ ಕೂದಲು' ಎಂಬುದರ ಪಕ್ಕ ನಾನು ಏನೂ ಬರೆದಿರಲಿಲ್ಲ. 'ಹಾರ್ಮೋನ್' ಎಂಬುದರ ಪಕ್ಕ 'ಮಕ್ಕಳು?' ಎಂದು ಬರೆದಿದ್ದೆ. ಒಂದೇ ಪದ. ಅದರ ಮೇಲೆ ಎರಡು ತಿಂಗಳು ಮಾತಾಡಿದೆವು.

ಇಲ್ಲೊಂದು ನಿಯಮ ಮಾಡಿಕೊಂಡೆವು: ನನಗೆ ಮುಂಚಿತವಾಗಿ ತಿಳಿಯುವ ಹಕ್ಕಿದೆ, ತಡೆಯುವ ಹಕ್ಕಿಲ್ಲ. ದೊಡ್ಡ ಬದಲಾವಣೆಗೆ ಒಂದು ವಾರ ಮುಂಚೆ ಹೇಳಬೇಕು. ಮೈ ಅವಳದು. ಮನೆ, ದುಡ್ಡು, ಮಕ್ಕಳು, ಊರು ಬದಲಿಸುವುದು, ಇವು ಇಬ್ಬರದು. ಯಾವುದು ಯಾವ ಪಟ್ಟಿಗೆ ಸೇರುತ್ತದೆ ಎಂಬುದನ್ನು ಜಗಳ ಬರುವ ಮೊದಲೇ ಬರೆದಿಟ್ಟುಕೊಳ್ಳಿ.

ಹಂತ 5: ಡಾಕ್ಟರ ಹತ್ತಿರ ಹೋಗುವ ಮೊದಲು

ಮನೆಯವರು ಯಾರಾದರೂ "ಇದು ಮಾನಸಿಕ ಕಾಯಿಲೆ" ಎಂದರೆ ಹೇಳಲು ಒಂದು ಮಾತು ಕೈಯಲ್ಲಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಅದರಲ್ಲಿ ಈ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿದ್ದಾರೆ. ಟ್ರಾನ್ಸ್‌ಜೆಂಡರ್ ಆರೋಗ್ಯದ ಅಂತರರಾಷ್ಟ್ರೀಯ ವೃತ್ತಿಪರ ಸಂಘವಾದ ಡಬ್ಲ್ಯೂಪಾಥ್ ಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸುತ್ತದೆ, ಅದರ 8ನೇ ಆವೃತ್ತಿ ಬಂದದ್ದು 2022ರಲ್ಲಿ. ಡಾಕ್ಟರು ಯಾವ ಮಾರ್ಗಸೂಚಿ ಅನುಸರಿಸುತ್ತಾರೆ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಮಕ್ಕಳ ವಿಷಯ ಹಾರ್ಮೋನ್ ಶುರುವಾಗುವ ಮೊದಲೇ ಮಾತಾಡಿ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನೂ, ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ತಡೆಯುವ ಔಷಧಿಯನ್ನೂ ತೆಗೆದುಕೊಂಡರೆ ವೀರ್ಯಾಣು ಕಮ್ಮಿಯಾಗುತ್ತದೆ, ನಿಲ್ಲಿಸಿದರೂ ಹಿಂದಿನಂತೆ ಆಗುತ್ತದೆ ಎಂಬ ಖಾತ್ರಿ ಇಲ್ಲ. ವೀರ್ಯ ಶೇಖರಣೆ ಸುಲಭದ ಕೆಲಸ, ಆದರೆ ಅವರ ಮನಸ್ಸಿಗೆ ಅದು ಸುಲಭವಾಗಿರಬೇಕೆಂದಿಲ್ಲ. ಅಂಡಾಣು ಶೇಖರಿಸಬೇಕಾದರೆ ಸುಮಾರು ಎರಡು ವಾರ ಇಂಜೆಕ್ಷನ್ ತೆಗೆದುಕೊಂಡು ಆಮೇಲೆ ಅಂಡಾಣು ಹೊರತೆಗೆಯುತ್ತಾರೆ. ಇಪ್ಪತ್ತರ ಹರೆಯದಲ್ಲಿ "ನಮಗೆ ಮಕ್ಕಳು ಬೇಡಪ್ಪ" ಎನ್ನುವುದು ಸಹಜ. ಹತ್ತು ವರ್ಷದ ಮೇಲೆ ಏನನ್ನಿಸಬಹುದು ಎಂದೂ ಒಂದು ಸಂಜೆ ಕೂತು ಯೋಚಿಸಿ.

ಇನ್ನೊಂದು, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ: ಹಾರ್ಮೋನ್ ಗರ್ಭನಿರೋಧಕ ಅಲ್ಲ. ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುವವರಿಗೆ ಮುಟ್ಟು ನಿಂತಿದ್ದರೂ ಗರ್ಭ ನಿಲ್ಲಬಹುದು, ಆ ಔಷಧಿ ಭ್ರೂಣಕ್ಕೆ ಹಾನಿ ಮಾಡುತ್ತದೆ. ಈಸ್ಟ್ರೋಜನ್ ತೆಗೆದುಕೊಳ್ಳುವವರಿಂದಲೂ ಗರ್ಭ ಆಗಬಹುದು.

ಡಾಕ್ಟರ ಬಳಿ ಸಂಗಾತಿಯೂ ಹೋಗುವುದಾದರೆ ಒಳಗೆ ಎಷ್ಟು ಮಾತಾಡಬೇಕು ಎಂದು ಮೊದಲೇ ಕೇಳಿಕೊಳ್ಳಿ. ನಾನು ಮೊದಲ ಭೇಟಿಯಲ್ಲಿ ಅವಳಿಗೆ ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟು ಬಂದಿದ್ದೆ. ಮನೆಗೆ ಬಂದ ಮೇಲೆ ಸರಿಯಾಗಿ ಬೈಸಿಕೊಂಡೆ.

ಔಷಧಿಯನ್ನು ತಾವೇ ತರಿಸಿಕೊಂಡು ನುಂಗುವ ಆಸೆ ಬರುತ್ತದೆ. ಕಾಯುವುದು ಅಷ್ಟು ಕಷ್ಟ. ಆದರೂ ಬೇಡ. ಈಸ್ಟ್ರೋಜನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಸಿಗರೇಟು ಸೇದುವವರಿಗೆ ಅದು ಇನ್ನೂ ಜಾಸ್ತಿ. ಟೆಸ್ಟೋಸ್ಟೆರಾನ್‌ನಿಂದ ಕೆಂಪು ರಕ್ತಕಣ ಅತಿಯಾಗಬಹುದು. ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ರಕ್ತ ಪರೀಕ್ಷೆ ಮಾಡಿಸುವುದು ಇದಕ್ಕೇ. ಎರಡು ಪಟ್ಟು ಮಾತ್ರೆ ನುಂಗಿದರೆ ಎರಡು ಪಟ್ಟು ಬೇಗ ಆಗುವುದೂ ಇಲ್ಲ. ಒಂದು ಕಾಲು ಊದಿಕೊಂಡು ನೋಯುತ್ತಿದ್ದರೆ, ಎದೆನೋವು ಅಥವಾ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಹಂತ 6: ಮೈ ಬದಲಾಗುವ ಕಾಲ

ಸಂಗಾತಿಗೆ ಈ ಕಾಲಪಟ್ಟಿ ಗೊತ್ತಿದ್ದರೆ ಅರ್ಧ ಗಾಬರಿ ತಪ್ಪುತ್ತದೆ.

ಈಸ್ಟ್ರೋಜನ್ ದಾರಿಯಲ್ಲಿ ಮೊದಲ 1ರಿಂದ 3 ತಿಂಗಳಲ್ಲೇ ಕಾಮಾಸಕ್ತಿ ಮತ್ತು ತಾನಾಗಿ ಆಗುವ ನಿಮಿರುವಿಕೆ ತಗ್ಗುತ್ತದೆ. 3ರಿಂದ 6 ತಿಂಗಳಲ್ಲಿ ಚರ್ಮ ಮೃದುವಾಗುತ್ತದೆ, ಸ್ತನ ಬೆಳೆಯಲು ಶುರುವಾಗುತ್ತದೆ. ಅದು ಪೂರ್ತಿ ಆಗಲು 2ರಿಂದ 3 ವರ್ಷ. ಶುರುವಿನಲ್ಲಿ ಎದೆ ಎಷ್ಟು ನೋಯುತ್ತದೆಂದರೆ ಅಪ್ಪುಗೆಯೂ ಬೇಡ ಅನ್ನಿಸಬಹುದು. ಇದನ್ನು ಯಾರೂ ಹೇಳಿರಲಿಲ್ಲ, ಅವಳು ದೂರ ಸರಿದಾಗ ನಾನು ಬೇರೇನೋ ಅಂದುಕೊಂಡೆ.

ಟೆಸ್ಟೋಸ್ಟೆರಾನ್ ದಾರಿಯಲ್ಲಿ ಮೊದಲ ಆರು ತಿಂಗಳೊಳಗೆ ಮೊಡವೆ, ಮುಟ್ಟು ನಿಲ್ಲುವುದು, ಆಸಕ್ತಿ ಹೆಚ್ಚುವುದು. ಧ್ವನಿ ಮೊದಲ ವರ್ಷದೊಳಗೆ ಒಡೆಯುತ್ತದೆ. ಗಡ್ಡ ಪೂರ್ತಿ ಬರಲು 4ರಿಂದ 5 ವರ್ಷವೂ ಹಿಡಿಯಬಹುದು. ಒಡೆದ ಧ್ವನಿ, ಬಂದ ಗಡ್ಡ, ಬೆಳೆದ ಸ್ತನ ಔಷಧಿ ನಿಲ್ಲಿಸಿದರೂ ಹಿಂದಕ್ಕೆ ಹೋಗುವುದಿಲ್ಲ. ಕೊಬ್ಬು ಮತ್ತು ಸ್ನಾಯುವಿನ ಹಂಚಿಕೆ ಬಹುಪಾಲು ಹಿಂದಿನಂತಾಗುತ್ತದೆ.

ಟೆಸ್ಟೋಸ್ಟೆರಾನ್ ಜೆಲ್ ಬಳಸುವ ಮನೆಯಲ್ಲಿ ಒಂದು ಎಚ್ಚರ. ಹಚ್ಚಿಕೊಂಡ ಭುಜಕ್ಕೆ ನೀವು ತಲೆಯಿಟ್ಟರೆ ಔಷಧಿ ನಿಮ್ಮ ಚರ್ಮಕ್ಕೂ ಇಳಿಯುತ್ತದೆ. ಹಚ್ಚಿಕೊಂಡವರು ಸೋಪಿನಲ್ಲಿ ಕೈ ತೊಳೆಯಬೇಕು, ಒಣಗಿದ ಮೇಲೆ ಆ ಜಾಗ ಬಟ್ಟೆಯಿಂದ ಮುಚ್ಚಿರಬೇಕು. ಮಗು ಇರುವ ಮನೆಯಲ್ಲಿ ಇನ್ನೂ ಹುಷಾರು. ಎದೆ ಬಿಗಿಯಲು ಬೈಂಡರ್ ಹಾಕುವವರು ಎಂಟು ಗಂಟೆ ದಾಟಿಸಬಾರದು, ಹಾಕಿಕೊಂಡು ಮಲಗಬಾರದು. ಬೈಂಡರ್ ಬದಲು ಬ್ಯಾಂಡೇಜ್ ಪಟ್ಟಿ ಸುತ್ತುವುದು ಪಕ್ಕೆಲುಬಿಗೆ ಅಪಾಯ.

ಈಸ್ಟ್ರೋಜನ್ ಧ್ವನಿಯನ್ನು ಬದಲಿಸುವುದಿಲ್ಲ. ಅದಕ್ಕೆ ತರಬೇತಿಯೇ ಬೇಕು. ನಮ್ಮ ಮನೆಯಲ್ಲಿ ಅದು ಬಚ್ಚಲಲ್ಲಿ ನಡೆಯುತ್ತಿತ್ತು. "ಇವತ್ತು ಮಳೆ ಬರೋ ಹಾಗಿದೆ" ಎಂಬ ಒಂದೇ ವಾಕ್ಯ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು, ಕೇಳುವುದು, ಅಳಿಸುವುದು, ಮತ್ತೆ ಹೇಳುವುದು. ಬೇಸಿಗೆಯ ಸುಡುಬಿಸಿಲಿನಲ್ಲೂ ಮಳೆ ಬರೋ ಹಾಗೇ ಇತ್ತು! ಬಾಗಿಲ ಹೊರಗಿದ್ದ ನನಗೆ ಕೆಲವೊಮ್ಮೆ ನಗು, ಕೆಲವೊಮ್ಮೆ ಹೊಟ್ಟೆ ಹಿಂಡಿದ ಹಾಗೆ. ಒಂದು ದಿನ ಕೊರಿಯರ್ ಹುಡುಗ ಫೋನಿನಲ್ಲಿ "ಮೇಡಂ, ಎಷ್ಟನೇ ಮಹಡಿ?" ಎಂದು ಕೇಳಿದ. ಅವಳು ಉತ್ತರ ಕೊಡುವುದನ್ನೇ ಮರೆತು ನನ್ನ ಮುಖ ನೋಡಿದಳು.

ಮುಖದ ಕೂದಲಿಗೆ ಲೇಸರ್ ಮಾಡಿಸುವವರು ಹಿಂದಿನ ವಾರಗಳಲ್ಲಿ ಕೀಳಿಸಬಾರದು, ಬೋಳಿಸಬಹುದು. ಲೇಸರ್ ಹುಡುಕುವುದು ಬುಡದ ಕಪ್ಪು ಬಣ್ಣವನ್ನು. ಬಿಳಿ ಕೂದಲಿಗೆ ಅದು ನಾಟುವುದಿಲ್ಲ, ಎಲೆಕ್ಟ್ರಾಲಿಸಿಸ್ (ಸಣ್ಣ ಸೂಜಿಯಿಂದ ವಿದ್ಯುತ್ ಹಾಯಿಸಿ ಬುಡ ಕೆಡಿಸುವುದು) ಬೇಕು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ವಾರಗಟ್ಟಲೆ ಅಂತರದಲ್ಲಿ ಹಲವು ಸಲ ಹೋಗಬೇಕು. ಖರ್ಚಿನ ಲೆಕ್ಕ ಮೊದಲೇ ಹಾಕಿ.

ಹಂತ 7: ಹಾಸಿಗೆ

ನಾಚಿಕೆಯಿಂದ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಅಲ್ಲಾಡುತ್ತದೆ.

ಮೈಯ ಭಾಗಗಳಿಗೆ ಯಾವ ಹೆಸರು ಹೇಳಬೇಕು ಎಂದು ಕೇಳಿ. ಯಾವುದನ್ನು ಮುಟ್ಟಬಹುದು, ಯಾವುದು ಬೇಡ, ದೀಪ ಇರಬೇಕಾ, ಆರಿಸಬೇಕಾ? ಈ ಮಾತು ಬಟ್ಟೆ ಹಾಕಿಕೊಂಡಿರುವಾಗ, ಬೆಳಕಿನಲ್ಲಿ ಆಗಲಿ. ಹೋದ ತಿಂಗಳು ಹೌದು ಅಂದದ್ದು ಈ ತಿಂಗಳು ಬೇಡ ಆಗಬಹುದು, ನಿಮ್ಮದೂ ಹಾಗೇ. ಸಂಗಾತಿಗೂ 'ಬೇಡ' ಎನ್ನುವ ಹಕ್ಕು ಪೂರ್ತಿ ಇದೆ. "ಬೇಡ ಅಂದ್ರೆ ನಾನು ಅವಳ ಹೆಣ್ತನವನ್ನೇ ಬೇಡ ಅಂದ ಹಾಗಾಗುತ್ತೆ" ಎಂದು ನಾನು ಕೆಲವು ಸಲ ಮನಸ್ಸಿಲ್ಲದೆ ಒಪ್ಪಿಕೊಂಡಿದ್ದೆ. ಅದು ತಪ್ಪಾಯಿತು. ಅವಳಿಗೆ ಗೊತ್ತಾದಾಗ ನನಗಿಂತ ಜಾಸ್ತಿ ನೊಂದಳು.

ಈಸ್ಟ್ರೋಜನ್ ಶುರುವಾದ ಮೇಲೆ ಆಸೆ ಬರುವ ರೀತಿಯೇ ಬದಲಾಗಬಹುದು. ಥಟ್ಟನೆ ಏಳುತ್ತಿದ್ದದ್ದು ಈಗ ನಿಧಾನಕ್ಕೆ ಕಾವೇರುತ್ತದೆ. ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುವವರಲ್ಲಿ ಯೋನಿಯ ಒಳಪದರ ತೆಳುವಾಗಿ ಒಣಗುವುದುಂಟು. ಲೂಬ್ರಿಕಂಟ್ ಬಳಸಿ, ನೋವಿದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೆ ಹಚ್ಚುವ ಔಷಧಿ ಇದೆ. ಕಾಂಡೋಮ್ ವಿಷಯದಲ್ಲಿ ರಿಯಾಯಿತಿ ಇಲ್ಲ.

ಕೆಲವು ತಿಂಗಳು ಏನೂ ನಡೆಯದಿದ್ದರೆ? ಬೆನ್ನು ಉಜ್ಜುವುದು, ಕೂದಲು ಬಾಚುವುದು, ಕೈ ಹಿಡಿದು ಮಲಗುವುದು, ಇಷ್ಟಾದರೂ ನಿಲ್ಲದಿರಲಿ.

ಹಂತ 8: ಯಾರಿಗೆ, ಯಾವಾಗ, ಯಾರು ಹೇಳಬೇಕು

ಇದು ಅವರ ಸುದ್ದಿ. ಅವರ ಒಪ್ಪಿಗೆ ಇಲ್ಲದೆ ನೀವು ಯಾರಿಗೂ ಹೇಳುವಂತಿಲ್ಲ, ಆಪ್ತ ಗೆಳತಿಗೂ. ಆದರೆ ನೀವೂ ಗುಟ್ಟು ಹೊತ್ತು ಉಸಿರುಗಟ್ಟಬಾರದು. ಹಾಗಾಗಿ ಮೊದಲ ವಾರದಲ್ಲೇ ಕೇಳಿ: "ನಾನು ಮಾತಾಡೋಕೆ ಒಬ್ಬರು ಬೇಕು. ಯಾರ ಹತ್ತಿರ ಹೇಳಬಹುದು?" ಇಬ್ಬರಿಗೂ ಒಪ್ಪಿಗೆಯಾದ ಒಂದು ಹೆಸರು ಸಿಕ್ಕರೆ ಸಾಕು.

ಮನೆಯವರಿಗೆ ಹೇಳುವ ಕ್ರಮ ಹೀಗಿರಲಿ: ಮೆತ್ತಗಿನವರು ಮೊದಲು, ಕೂಗಾಡುವವರು ಕೊನೆಗೆ. ಮೆತ್ತಗಿನವರಲ್ಲಿ ಒಬ್ಬರು ನಿಮ್ಮ ಪರವಾದರೆ ಮುಂದಿನ ಮಾತು ಅವರೇ ಆಡುತ್ತಾರೆ. ಅಣ್ಣ ಅಕ್ಕ ಆಗುವುದು, ಅಳಿಯ ಸೊಸೆ ಆಗುವುದು, ಕೂಗಿ ಕರೆಯುವ ಪದವೇ ಬದಲಾಗುವುದು ಹಿರಿಯರಿಗೆ ಕಷ್ಟ. ಮೊದಲಿಗೆ ಹೆಸರು ಹಿಡಿದು ಕರೆಯಲಿ, ಸಂಬಂಧದ ಪದ ಆಮೇಲೆ ಬರಲಿ. "ಆಪರೇಷನ್ ಆಯ್ತಾ?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. "ನಿಮ್ಮ ಒಳಉಡುಪಿನ ವಿಷಯ ನಾನು ಕೇಳಲ್ಲ ಅಲ್ವಾ?" ಎಂದು ನಗುತ್ತಾ ಹೇಳಿದರೆ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ.

ಬೀದಿಯಲ್ಲಿ ಯಾರಾದರೂ ಏನಾದರೂ ಅಂದರೆ ಜಗಳಕ್ಕೆ ನಿಲ್ಲಬೇಕಾ, ಮುಂದೆ ನಡೆಯಬೇಕಾ ಎಂಬುದನ್ನು ತೀರ್ಮಾನಿಸುವವರು ಅವರು. ನಾನು ಒಮ್ಮೆ ಶೌರ್ಯ ತೋರಿಸಲು ಹೋಗಿ ಬಸ್ಸಿನಲ್ಲಿದ್ದವರೆಲ್ಲ ಅವಳನ್ನೇ ನೋಡುವ ಹಾಗೆ ಮಾಡಿದ್ದೆ. ಈಗ ನಮಗೊಂದು ಸನ್ನೆಯಿದೆ. ಅವಳು ನನ್ನ ಕಿರುಬೆರಳು ಹಿಡಿದು ಎಳೆದರೆ ಬಾಯಿ ಮುಚ್ಚಿಕೊಂಡು ಹೊರಡುವುದು.

ಹಂತ 9: ನಿಮ್ಮ ದುಃಖಕ್ಕೂ ಒಂದು ಜಾಗ

ಮನುಷ್ಯ ಬದುಕೇ ಇದ್ದಾರೆ, ಎದುರಿಗೇ ಇದ್ದಾರೆ, ಮೊದಲಿಗಿಂತ ನಗುನಗುತ್ತಲೂ ಇದ್ದಾರೆ. ಆದರೂ ಏನೋ ಕಳೆದುಕೊಂಡ ಹಾಗೆ. ಗಡ್ಡದ ಒರಟು, ಹಳೆ ಶರ್ಟಿನ ವಾಸನೆ, ಮೊದಲ ಸಲ ಕರೆದ ಹೆಸರು. ಈ ದುಃಖ ನಿಜ. ಇದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಆದರೆ ಇದನ್ನು ಪೂರ್ತಿಯಾಗಿ ಅವರ ಮಡಿಲಿಗೆ ಸುರಿಯಬೇಡಿ. ನಿಮ್ಮ ದುಃಖದ ಕಾರಣವೇ ಅವರ ಸಂತೋಷ. ಗೆಳತಿ, ಕೌನ್ಸೆಲರ್, ಡೈರಿ, ಇದೇ ದಾರಿಯಲ್ಲಿರುವ ಇನ್ನೊಬ್ಬ ಸಂಗಾತಿ, ಹೊರಗೆ ಒಂದು ಜಾಗ ಇರಲಿ. ಕೌನ್ಸೆಲರ್ ಟ್ರಾನ್ಸ್ ವಿಷಯ ತಿಳಿದವರಾಗಿರಲಿ. "ಬುದ್ಧಿ ಹೇಳಿ ಸರಿ ಮಾಡೋಣ" ಎನ್ನುವವರು ಸಿಕ್ಕರೆ ಎರಡನೇ ಸಲ ಹೋಗಬೇಡಿ.

ಪರಿವರ್ತನೆಯಾಗುತ್ತಿರುವವರಿಗೆ ಒಂದು ಮಾತು. ಮೊದಲ ವರ್ಷ ನಿಮ್ಮ ತಲೆ ತುಂಬ ಇದೇ ಇರುತ್ತದೆ. ಕನ್ನಡಿ, ಬಟ್ಟೆ, ಧ್ವನಿ, ರಕ್ತ ಪರೀಕ್ಷೆ. ಸಂಗಾತಿಯ ಕೆಲಸದಲ್ಲಿ ಏನಾಗುತ್ತಿದೆ, ಅವರಮ್ಮನ ಮಂಡಿನೋವು ಹೇಗಿದೆ ಎಂದು ಕೇಳುವುದು ತಪ್ಪಿಹೋಗುತ್ತದೆ. ನಾವು ವಾರಕ್ಕೊಂದು ಸಂಜೆ 'ಆ ವಿಷಯ' ಎತ್ತುವಂತಿಲ್ಲ ಎಂದು ಮಾಡಿಕೊಂಡೆವು. ಮೊದಲ ಎರಡು ವಾರ ಏನು ಮಾತಾಡಬೇಕೆಂದೇ ತಿಳಿಯಲಿಲ್ಲ!

ಇಬ್ಬರಲ್ಲಿ ಯಾರೇ ಸಾಯುವ ಮಾತಾಡಿದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ನೇರವಾಗಿ ಕೇಳಿ, ಒಬ್ಬರನ್ನೇ ಬಿಡಬೇಡಿ, ಅವತ್ತೇ ಡಾಕ್ಟರಿಗೋ ಸಹಾಯವಾಣಿಗೋ ಕರೆ ಮಾಡಿ.

ಹಂತ 10: ಶಸ್ತ್ರಚಿಕಿತ್ಸೆ ಇದ್ದರೆ

ಎದೆಯ ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಕೈ ಮೇಲೆತ್ತುವಂತಿಲ್ಲ, ಭಾರ ಹೊರುವಂತಿಲ್ಲ. ಬೇಕಾದ ಸಾಮಾನೆಲ್ಲ ಸೊಂಟದ ಎತ್ತರಕ್ಕೆ ಇಳಿಸಿಡಿ. ಮುಂದೆ ಗುಂಡಿ ಇರುವ ಅಂಗಿ ತೆಗೆದಿಡಿ. ಯೋನಿ ರಚನೆಯ ಶಸ್ತ್ರಚಿಕಿತ್ಸೆ ದೊಡ್ಡದು. ಚೇತರಿಕೆಗೆ ವಾರಗಟ್ಟಲೆ ಬೇಕು, ಆಳ ಉಳಿಯಲು ಡೈಲೇಟರ್, ಅಂದರೆ ಒಳಗಿಟ್ಟು ಹಿಗ್ಗಿಸುವ ಕೋಲಿನಂಥ ಸಾಧನ, ಬಳಸಬೇಕು. ಶುರುವಿನಲ್ಲಿ ದಿನಕ್ಕೆ ಹಲವು ಸಲ, ಆಮೇಲೆ ಕಮ್ಮಿ ಮಾಡುತ್ತಾ ಬಂದರೂ ಪೂರ್ತಿ ಬಿಡುವಂತಿಲ್ಲ. ಆ ದಿನಗಳಿಗೆ ಇನ್ನೊಬ್ಬರ ಸಹಾಯ ಮೊದಲೇ ಗೊತ್ತುಮಾಡಿ. ಆರೈಕೆ ಮಾಡಿ ಮಾಡಿ ಸಂಗಾತಿ ನರ್ಸ್ ಆಗಿಬಿಡುವುದು ಸುಲಭ, ಮತ್ತೆ ಪ್ರೇಮಿಯಾಗುವುದು ಕಷ್ಟ. ಆಪರೇಷನ್ ಆದ ಮೇಲೆ ಕೆಲವರಿಗೆ ಮಂಕು ಕವಿಯುತ್ತದೆ. "ಇಷ್ಟು ದಿನ ಕಾದಿದ್ದು ಸಿಕ್ಕಿತಲ್ಲ, ಇನ್ಯಾಕೆ ಅಳು?" ಎಂದು ಕೇಳಬೇಡಿ.

ಹಂತ 11: ಇರುವುದಾ, ಬಿಡುವುದಾ

ಮೂರು ತಿಂಗಳಿಗೊಮ್ಮೆ ಒಂದು ದಿನ ಇಟ್ಟುಕೊಳ್ಳಿ. ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಎರಡೇ ಉತ್ತರ ಬರೆಯಿರಿ: ಈ ಮೂರು ತಿಂಗಳಲ್ಲಿ ಯಾವುದು ಹಗುರವಾಯಿತು, ಯಾವುದು ಭಾರವಾಯಿತು? ಹಾಳೆ ಅದಲುಬದಲು ಮಾಡಿ ಓದಿ. ಅವತ್ತೇ ಪರಿಹಾರ ಬೇಕಿಲ್ಲ.

ಉಳಿಯುವ ಜೋಡಿಗಳಿವೆ. ಬ್ರಿಟನ್ನಿನ ಬರಹಗಾರ್ತಿ ಜಾನ್ ಮಾರಿಸ್ ಮತ್ತು ಎಲಿಜಬೆತ್ ಮದುವೆಯಾದದ್ದು 1949ರಲ್ಲಿ. 1972ರಲ್ಲಿ ಜಾನ್‌ಗೆ ಮೊರಾಕ್ಕೊದಲ್ಲಿ ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆ ಆಯಿತು. ಇಬ್ಬರು ಹೆಂಗಸರ ಮದುವೆಗೆ ಬ್ರಿಟನ್ನಿನ ಕಾನೂನು ಒಪ್ಪದ ಕಾಲ, ಹಾಗಾಗಿ ವಿಚ್ಛೇದನ ಪಡೆಯಬೇಕಾಯಿತು. ಕಾಗದದಲ್ಲಿ ಬೇರೆಯಾದರೂ ಒಂದೇ ಮನೆಯಲ್ಲಿ ಬಾಳಿದರು. 2008ರಲ್ಲಿ ಕಾನೂನು ಬದ್ಧ ಜೋಡಿಯಾಗಿ ಮತ್ತೆ ನೋಂದಾಯಿಸಿಕೊಂಡರು. 2020ರಲ್ಲಿ ಜಾನ್ ತೀರಿಕೊಳ್ಳುವವರೆಗೆ ಜೊತೆಗಿದ್ದರು.

ಬಿಡುವ ಜೋಡಿಗಳೂ ಇವೆ, ಅವರೇನೂ ಸೋತವರಲ್ಲ. ಗಂಡಸರ ಮೇಲಷ್ಟೇ ಆಕರ್ಷಣೆ ಇರುವ ಹೆಣ್ಣು, ಸಂಗಾತಿ ಹೆಣ್ಣೆಂದು ತಿಳಿದ ಮೇಲೆ ಪ್ರೇಮಿಯಾಗಿ ಮುಂದುವರಿಯಲು ಆಗದೇ ಹೋಗಬಹುದು. ಅದನ್ನು ಟ್ರಾನ್ಸ್ ದ್ವೇಷ ಎನ್ನಬೇಡಿ. ಬಲವಂತವಾಗಿ ಉಳಿದವರ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತಲೇ ಬದುಕುತ್ತಾರೆ, ನಾನು ನೋಡಿದ್ದೇನೆ. ಬಿಡುವುದಾದರೆ ಕೆಲವು ಕೆಲಸ ಮಾತ್ರ ಚೊಕ್ಕವಾಗಿ ಮಾಡಿ. ಆಸ್ಪತ್ರೆಯಲ್ಲಿ ತುರ್ತು ಸಂಪರ್ಕಕ್ಕೆ ಯಾರ ಹೆಸರು ಎಂದು ಬದಲಿಸಿ. ಶೇಖರಿಸಿಟ್ಟ ವೀರ್ಯವೋ ಭ್ರೂಣವೋ ಇದ್ದರೆ ಅದರ ಕಾಗದ ನೋಡಿ. ಯಾರಿಗೆ ಏನು ಕಾರಣ ಹೇಳಬೇಕು ಎಂದು ಇಬ್ಬರೂ ಒಂದೇ ಮಾತು ಗೊತ್ತುಮಾಡಿಕೊಳ್ಳಿ. ಸಿಟ್ಟಿನಲ್ಲೂ ಅವರ ಗುಟ್ಟು ಬಿಡಬೇಡಿ, ಹಳೆ ಹೆಸರು ಹಿಡಿದು ಬೈಯಬೇಡಿ.

ಉಳಿಯುವುದಾದರೆ ಒಂದು ಸಣ್ಣ ಕೆಲಸ ಬಾಕಿ ಇರುತ್ತದೆ, ಹಳೆ ಫೋಟೋಗಳು. ನೀವೇ ಕಿತ್ತು ಎಸೆಯಬೇಡಿ, ಗೋಡೆಯಲ್ಲೂ ಬಿಡಬೇಡಿ. ಪೆಟ್ಟಿಗೆಗೆ ಹಾಕಿ, ವರ್ಷಕ್ಕೊಮ್ಮೆ ಕೇಳಿ. ನಮ್ಮಲ್ಲಿ ಮೊದಲ ವರ್ಷ ಎಲ್ಲವೂ ಪೆಟ್ಟಿಗೆಯಲ್ಲಿತ್ತು. ಮೂರನೇ ವರ್ಷ ಅವಳೇ ಒಂದನ್ನು ತೆಗೆದಳು. ಸಮುದ್ರದ ದಡ, ಇಬ್ಬರೂ ಒದ್ದೆ, ನನ್ನ ಕಣ್ಣು ಮುಚ್ಚಿಹೋಗಿದೆ. "ಇದರಲ್ಲಿ ನೀನೇ ಕೆಟ್ಟದಾಗಿ ಕಾಣ್ತಿದ್ದೀಯ ಕಣೇ, ಇದಿರಲಿ" ಎಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.